ದನಗಳ ಹೆಸರು ದಾಟಿದ ಮಧ್ಯಾಹ್ನ

ಡೇರಿಯ ಹಿಂದಿನ ಕೋಣೆಯಲ್ಲಿ, ಎದೆಮಟ್ಟದ ಕಪ್ಪು ಪೆಟ್ಟಿಗೆಯೊಂದು ದಿನವಿಡೀ ಗುಂಯ್‌ಗುಡುತ್ತಿತ್ತು. ಅದೇ ಸರ್ವರ್. ಸುತ್ತಲಿನ ಕೊಟ್ಟಿಗೆಗಳ ದನಗಳ ಹೆಸರು, ಹಾಲು, ಹಾಕಿಸಿದ ಸೂಜಿ ಎಲ್ಲ ಅದರ ಹೊಟ್ಟೆಯಲ್ಲಿದ್ದವು. ಅದನ್ನು ನೋಡಿಕೊಳ್ಳುವವಳನ್ನು ಹಿರಿಯರು ಕಿರಿಯರೆನ್ನದೆ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು.

ಹೊಳೆಯಾಚೆ ಕಾಲುಬಾಯಿ ಜ್ವರ ಕಾಣಿಸಿಕೊಂಡಿತ್ತು. ದನದ ಡಾಕ್ಟರರ ವ್ಯಾನು ಬಾಗಿಲಲ್ಲೇ ನಿಂತಿತ್ತು. ಐಸ್ ಪೆಟ್ಟಿಗೆಯಲ್ಲಿದ್ದ ಲಸಿಕೆ, ಹಿಂದಿನ ಸುತ್ತಿನಲ್ಲಿ ತಪ್ಪಿಸಿಕೊಂಡ ದನಗಳಿಗಷ್ಟೇ ಸಾಲುವಂತಿತ್ತು. ತಪ್ಪಿಸಿಕೊಂಡವು ಯಾವುವು ಎಂಬುದು ಆ ಸರ್ವರ್ ಪೆಟ್ಟಿಗೆಗೆ ಮಾತ್ರ ಗೊತ್ತು. ಡಾಕ್ಟರರ ಲ್ಯಾಪ್‌ಟಾಪಿಗೆ ಕಾಣುವುದು ಆಫೀಸಿನ ಕಂಪ್ಯೂಟರುಗಳೆಲ್ಲ ಹಂಚಿಕೊಳ್ಳುವ ವಿಂಡೋಸ್ ಶೇರ್ ಫೋಲ್ಡರ್ ಮಾತ್ರ. ಪ್ರಿಂಟರು ಬೇರೆ ರಿಪೇರಿಗೆ ಹೋಗಿತ್ತು. ಆ ದನಗಳ ಪಟ್ಟಿಯ ಫೈಲು ಸರ್ವರ್‌ನಿಂದ ಆ ಫೋಲ್ಡರಿಗೆ ದಾಟಲೇಬೇಕು.

ಅಕ್ಕ ಸರ್ವರ್‌ನ ಹಸಿರು ಅಕ್ಷರದ ಪರದೆಯ ಮುಂದೆ ಕೂತು, ಫೈಲು ಸಾಗಿಸುವ ಅಪ್ಪಣೆಯನ್ನೂ ಆ ಫೋಲ್ಡರಿನ ವಿಳಾಸವನ್ನೂ ಒಂದೊಂದೇ ಅಕ್ಷರವಾಗಿ ಒತ್ತಿದಳು.

“ಬಂತು ಬಂತು!” ಪಕ್ಕದ ಮೇಜಿನಿಂದ ಡಾಕ್ಟರರು ಕೂಗಿದರು. ಮರುಗಳಿಗೆಯೇ ದನಿ ಇಳಿಯಿತು. “ಏನಮ್ಮಾ ಇದು, ನನ್ನ ಕೈಬರಹ ಇದ್ದ ಹಾಗಿದೆ?”

ಅಕ್ಕ ಎದ್ದು ಬಂದು ಇಣುಕಿದಳು. ಸೊಟ್ಟಪಟ್ಟ ಗುರುತುಗಳು, ಒಂದಕ್ಕೂ ತಲೆಯಿಲ್ಲ ಬುಡವಿಲ್ಲ.

“ಫೈಲು ಕೆಟ್ಟೋಯ್ತಾ?”

“ಇಲ್ಲ ಡಾಕ್ಟ್ರೇ, ತಡೀರಿ...” ಎಂದವಳು ಹಣೆ ಚಚ್ಚಿಕೊಂಡಳು. “ಥೂ, ನನ್ನ ಬುದ್ಧಿಗಿಷ್ಟು! ನಮ್ಮ ಸರ್ವರ್‌ದು ಅಕ್ಷರಮಾಲೆನೇ ಬೇರೆ. ಸಾಗಿಸು ಅಂದೆ, ನಿಮ್ಮ ಅಕ್ಷರಕ್ಕೆ ತಿರುಗಿಸಿ ಸಾಗಿಸು ಅನ್ನಲಿಲ್ಲ. ಹೇಳಿದಷ್ಟೇ ಮಾಡ್ತು, ಮುಂಡೇದು.”

“ನಮ್ಮನೇಲಿ ನಾನೂ ಹಾಗೇ,” ಎಂದ ವ್ಯಾನಿನ ಡ್ರೈವರು ಬಾಗಿಲಿನಿಂದ. “ಐಸು ನೀರಾಗ್ತಾ ಇದೆ ಅಕ್ಕಾ!”

“ಬಾಯಿ ಮುಚ್ಚು, ಬೆರಳು ತಪ್ಪುತ್ತೆ!”

ಅಕ್ಕ ಪರದೆಯ ಮುಂದೆ ಮರಳಿ ಕೂತು, ಈ ಸಲ ಅಪ್ಪಣೆಯ ಕೊನೆಗೆ ‘ತಿರುಗಿಸಿ’ ಎಂಬುದನ್ನೂ ಸೇರಿಸಿ ಒತ್ತಿದಳು.

“ಬಿಳಿಚುಕ್ಕೆ!” ಡಾಕ್ಟರರು ಕುರ್ಚಿ ಬೀಳುವಂತೆ ಎದ್ದರು. “ಕಿವಿಹರಕಿ! ಮೊಂಡಿ! ಅಯ್ಯೋ, ಕೊಟ್ಟಿಗೆ ಸಮೇತ ಇದೆಯಲ್ಲಮ್ಮಾ!”

ಅಕ್ಕನಿಗೆ ನಗಲೂ ಬಿಡುವಿರಲಿಲ್ಲ. ಮೊಂಡಿ ಅವಳ ಅತ್ತಿಗೆಯ ಹಸು. ಈ ಹೊತ್ತಿಗೆ ಅದು ಹೊಳೆದಂಡೆಯಲ್ಲೇ ಮೇಯುತ್ತಿರುತ್ತದೆ. ಓಡುತ್ತಲೇ ಫೋನು ಹಚ್ಚಿದಳು.

“ಅತ್ತಿಗೆ, ಮೊಂಡಿನ ಈಗಲೇ ಹಿಡಿದು ಕಟ್ಟಿ! ಸೂಜಿ ಬರ್ತಾ ಇದೆ.”

“ಅದನ್ನ ಹಿಡಿಯೋದಾ? ನೀನೇ ಬಾ ತಾಯಿ!”

ಹೊರಟಿದ್ದ ವ್ಯಾನಿನ ಬಾಗಿಲಿಗೆ ಅಕ್ಕ ಪಟಪಟನೆ ಬಡಿದಳು. ಡಾಕ್ಟರರು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟರು.