ಹಸಿರು ಫ್ರಾಕಿನ ಕೆಂಪು ಪಟ್ಟಿ

ಕಾಂಪ್ ಶೇಝಾರ್ ಬಡಾವಣೆಯ ಆ ಹಳೇ ಕಟ್ಟಡದಲ್ಲಿ ಲಿಫ್ಟ್ ಕೆಟ್ಟು ಎಷ್ಟೋ ಕಾಲವಾಗಿತ್ತು. ನಾಲ್ಕನೇ ಮಹಡಿಯವರೆಗೆ ಹತ್ತಿ ಬಂದವರು ಮೊದಲು ಗೋಡೆ ಹಿಡಿದು ಉಸಿರು ತಗೊಳ್ಳುತ್ತಾರೆ, ನೀರು ಕೇಳುತ್ತಾರೆ, ಆಮೇಲೆ ಮಾತು. ಶಾಹಿಂದಾ ಮಾತ್ರ ಏದುಸಿರಿನಲ್ಲೇ ಜಗಳಕ್ಕೆ ನಿಂತಳು.

"ಈ ಪ್ಯಾಟರ್ನ್ ಮಾಡಿದ ರಾವಿಯಾ ಅನ್ನೋರು ಯಾರು? ನೀವೇನಾ?"

"ನಾನೇ. ಒಳಗೆ ಬಾರಮ್ಮ, ಕೂತ್ಕೊ."

"ಕೂರೋಕೆ ಬಂದಿಲ್ಲ ಅಬ್ಲಾ. ಇದನ್ನ ನೋಡಿ ಮೊದಲು."

ಅಷ್ಟು ಸಿಟ್ಟಿನಲ್ಲೂ ಅಕ್ಕನಂಥವಳಿಗೆ ಸಲ್ಲಬೇಕಾದ 'ಅಬ್ಲಾ'ವನ್ನು ಅವಳು ಬಿಟ್ಟಿರಲಿಲ್ಲ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವಳು, ಮರ್ಯಾದೆ ಬಾಯಲ್ಲೇ ಕೂತಿತ್ತು. ಚೀಲದಿಂದ ಹಸಿರು ಸ್ಯಾಟಿನ್ ಫ್ರಾಕೊಂದನ್ನು ಎಳೆದು, ತೊಟ್ಟಿದ್ದ ತೆಳು ಅಂಗಿಯ ಮೇಲೇ ಹೇಗೋ ತೂರಿಸಿಕೊಂಡು ಬೆನ್ನು ತಿರುಗಿಸಿದಳು. ಝಿಪ್ಪಿನ ಎರಡು ಅಂಚುಗಳ ನಡುವೆ ಒಂದು ಅಂಗೈ ಇಡುವಷ್ಟು ಜಾಗ ಬಾಯಿ ಬಿಟ್ಟುಕೊಂಡಿತ್ತು.

"ನಿಮ್ಮ ಕಾಗದದ ಮೇಲೆ ಏನು ಬರೆದಿದೆ, ಓದಿ ಹೇಳ್ಲಾ? 'ಮೈ ಹೇಗಿದೆಯೋ ಹಾಗೇ ಇರಲಿ, ಬಟ್ಟೆ ಬದಲಾಗಲಿ.' ಓದಿ ಕಣ್ಣಲ್ಲಿ ನೀರು ಬಂದಿತ್ತು ನಂಗೆ. ದಡ್ಡಿ ನಾನು!"

ಆ ಮಾತನ್ನು ರಾವಿಯಾ ಮನಸಾರೆ ಬರೆದಿದ್ದಳು. ಅವಳ ದೊಡ್ಡಮ್ಮ ಇಗ್ಲಾಲ್ ಇದೇ ಮನೆಯಲ್ಲಿ ಹೊಲಿಗೆ ಅಂಗಡಿ ನಡೆಸಿದವಳು. ಸಮುದ್ರದ ಬದಿಯ ರಸ್ತೆಯಲ್ಲಿ ಹೆಂಗಸರು ಬಿಗಿ ಸೊಂಟದ, ಕೊಡೆಯಂತೆ ಅರಳುವ ಲಂಗದ ಫ್ರಾಕು ತೊಟ್ಟು ಸಂಜೆ ತಿರುಗಾಡುತ್ತಿದ್ದ ಕಾಲ ಅದು. ದೊಡ್ಡಮ್ಮ ಸತ್ತ ಮೇಲೆ ಟ್ರಂಕಿನಲ್ಲಿ, ಬಟ್ಟೆಯ ಮೇಲಿಟ್ಟು ಕತ್ತರಿಸುವ ಕಂದು ಕಾಗದದ ಪ್ಯಾಟರ್ನುಗಳ ರಾಶಿಯೇ ಉಳಿದಿತ್ತು. ರಾವಿಯಾ ಅವನ್ನು ಒಂದೊಂದಾಗಿ ಬಿಚ್ಚಿ, ಈಗಿನ ಹೆಂಗಸರ ಮೈಗೆ ಹೊಸದಾಗಿ ಬರೆದಳು. ಹೆತ್ತ ಹೊಟ್ಟೆಗೆ, ಕುರ್ಚಿಯಲ್ಲಿ ಕೂತು ದುಡಿದ ಸೊಂಟಕ್ಕೆ, ಅಂಗಡಿಯವರು ಕಂಡೂ ಕಾಣದಂತೆ ಮಾಡುವ ದಪ್ಪ ತೋಳಿಗೆ. ಮೊದಲನೆಯದಕ್ಕೆ 'ಇಗ್ಲಾಲ್' ಅಂತಲೇ ಹೆಸರಿಟ್ಟು, ಅಚ್ಚು ಹಾಕಿಸಿ, ಸುರುಳಿ ಸುತ್ತಿ ಮನೆಯಿಂದಲೇ ಮಾರತೊಡಗಿದಳು. ಹಿಂದೆ ಕಂಪನಿಯಿಲ್ಲ, ಮುಂದೆ ಗಾಜಿನ ಶೋರೂಮಿಲ್ಲ. ಬೀದಿ ತುಂಬ ರೆಡಿಮೇಡ್ ಬಿದ್ದಿರುವಾಗ ಯಾರು ಹೊಲಿಯುತ್ತಾರೆ ಅಂತ ಬಟ್ಟೆ ಅಂಗಡಿಯವರು ನಕ್ಕಿದ್ದರು. ಅವಳಿಗೆ ನಗುವವರನ್ನು ಕಂಡರೆ ಹಟ ಹೆಚ್ಚುತ್ತಿತ್ತು.

ಈಗ ಎದುರಿಗೆ ನಿಂತವಳು ನಗುತ್ತಿರಲಿಲ್ಲ. ರಾವಿಯಾ ಟೇಪು ಹಿಡಿದು ಫ್ರಾಕಿನ ಪಕ್ಕದ ಹೊಲಿಗೆಯನ್ನು ಒಳಗಿನಿಂದ ಮಗುಚಿ ನೋಡಿದಳು. ಹೊಲಿಗೆ ನೇರವಾಗಿತ್ತು, ಅಚ್ಚುಕಟ್ಟಾಗಿತ್ತು. ಶಾಹಿಂದಾ ಪ್ಯಾಟರ್ನಿನ ಗೆರೆಯ ಮೇಲೇ ಬಟ್ಟೆ ಕತ್ತರಿಸಿದ್ದಳು, ಕಾಗದದಲ್ಲಿ ಹೇಳಿದ್ದ ಹಾಗೇ. ರಾವಿಯಾ ಟೇಪು ಕೆಳಗಿಟ್ಟಳು.

ದೊಡ್ಡಮ್ಮನ ಅಂಗಡಿಯಲ್ಲಿ ಪ್ಯಾಟರ್ನಿಗೆ ಮಾರ್ಜಿನ್, ಅಂದರೆ ಹೊಲಿಗೆಯೊಳಗೆ ಹೋಗುವ ಅಂಚಿನ ಜಾಗ, ಸೇರಿಸುವ ಪದ್ಧತಿಯೇ ಇರಲಿಲ್ಲ. ಕಾಗದ ಅಂದರೆ ಬರೀ ಮೈಯಳತೆ. ಅದನ್ನು ಬಟ್ಟೆಯ ಮೇಲಿಟ್ಟು, ಸುತ್ತ ಎರಡು ಬೆರಳು ಜಾಗ ಬಿಟ್ಟು ಸೀಮೆಸುಣ್ಣದಲ್ಲಿ ಗೀಚಿ ಆಮೇಲೆ ಕತ್ತರಿ. ಅಲ್ಲಿ ಕಲಿತ ಹುಡುಗಿಯರಿಗೆ ಅದು ಉಸಿರಾಡಿದಷ್ಟು ಸಹಜ. ರಾವಿಯಾಳೂ ಅಲ್ಲೇ ನೆಲದ ಮೇಲೆ ಬೆಳೆದವಳು, ಬರೆದು ಹೇಳಬೇಕು ಅಂತ ಹೊಳೆಯಲೇ ಇಲ್ಲ. ಹೊಲಿದು ಪರೀಕ್ಷೆ ಮಾಡಲು ಕೊಟ್ಟಿದ್ದೂ ದೊಡ್ಡಮ್ಮನ ಹಳೇ ಶಿಷ್ಯೆಯರಿಗೇ. ಅವರೆಲ್ಲ ಸೊಗಸಾಗಿ ಹೊಲಿದು, ಭೇಷ್ ಅಂದು, ಕೇಕು ತಿಂದು ಹೋಗಿದ್ದರು.

"ಯಾವತ್ತಿಗೆ ಬೇಕಿತ್ತಮ್ಮ ಇದು?"

"ಗುರುವಾರ ನನ್ನ ನಿಶ್ಚಿತಾರ್ಥ." ಶಾಹಿಂದಾ ಕೊನೆಗೂ ಕೂತಳು. "ಫ್ರಾಕು ಬಾಡಿಗೆಗೆ ಕೊಡೋ ಅಂಗಡಿಗೆ ಹೋಗಿದ್ವಿ. ಅಂಗಡಿಯವಳು ನನ್ನ ಮೇಲಿಂದ ಕೆಳಗೆ ನೋಡಿ ಕಪ್ಪು ನಿಲುವಂಗಿ ತಂದುಕೊಟ್ಳು. ನಮ್ಮತ್ತೆ ಆಗೋರು, ಅತಿಯ್ಯಾತ್ ಅಂತ, 'ಇದೇ ಸರಿ ಮಗಳೇ, ಕಪ್ಪಲ್ಲಿ ಅರ್ಧ ಆಗಿ ಕಾಣ್ತೀಯ' ಅಂದ್ರು. ಅರ್ಧ! ಉಳಿದರ್ಧ ಎಲ್ಲಿಡಲಿ ನಾನು? ಈ ಸ್ಯಾಟಿನ್ ನಮ್ಮಮ್ಮಂದು. ಅವಳ ನಿಶ್ಚಿತಾರ್ಥಕ್ಕೆ ತಗೊಂಡಿದ್ದು. ಈ ಮೈಗೆ ಹೊಳೆಯೋ ಹಸಿರಾ ಅಂತ ಅವಳಿಗೂ ಯಾರೋ ಅಂದ್ರಂತೆ, ಪೆಟ್ಟಿಗೆಗೆ ಹೋಯ್ತು. ನಾನಾದ್ರೂ ಹಾಕ್ಕೋತೀನಿ ಅಂತ ಹಟ ಮಾಡಿ ಕತ್ತರಿ ಹಾಕಿದೆ. ಈಗ ಅಮ್ಮನ ಮುಖ ಹೇಗೆ ನೋಡ್ಲಿ?"

ಅಡುಗೆಮನೆಯ ಬಾಗಿಲಲ್ಲಿ ಮೊರದ ತುಂಬ ಸೊಪ್ಪು ಬಿಡಿಸುತ್ತ ಕೂತಿದ್ದ ರಾವಿಯಾಳ ತಾಯಿ ಖೈರಿಯ್ಯಾ ಅಲ್ಲಿಂದಲೇ ಬಾಯಿ ಹಾಕಿದಳು. "ಸಂಬಂಧ ಗೊತ್ತಾದ ಹುಡುಗಿ ಕಣಮ್ಮ, ಖುಷೀಲಿ ಊಟ ಜಾಸ್ತಿ ಆಗಿರುತ್ತೆ. ಅಳತೆ ತಗೊಂಡಾಗ ಇದ್ದ ಸೊಂಟ ಹೊಲಿಯೋವಾಗ ಇರುತ್ತಾ?"

ಮಗಳನ್ನು ಒಳಗೆ ಕರೆದು ದನಿ ತಗ್ಗಿಸಿದಳು. "ಬಾಯಿ ಬಿಡಬೇಡ. ನಿಮ್ಮ ದೊಡ್ಡಮ್ಮ ಜನ್ಮದಲ್ಲಿ ಒಂದು ಸಲ ತಪ್ಪು ಒಪ್ಕೊಂಡಿದ್ಲಾ? ಬಟ್ಟೆ ಬಿಗಿಯಾದ್ರೆ ತಿಂದಿದ್ದೀಯ ಅನ್ನೋಳು, ಸಡಿಲ ಆದ್ರೆ ಕೊರಗಿದ್ದೀಯ ಅನ್ನೋಳು. ಅದಕ್ಕೇ ಅಷ್ಟು ವರ್ಷ ಅಂಗಡಿ ನಡೀತು. ನಾನು ಪಕ್ಕದಲ್ಲೇ ಕೂತು ಕಾಜಾ ಹೊಲೀತಿದ್ದೆ, ನಂಗೊತ್ತಿಲ್ವಾ?"

"ನಂಗೂ ಗೊತ್ತಮ್ಮ. ಎಷ್ಟು ಜನ ಕಣ್ಣೊರೆಸ್ಕೊಂಡು ಈ ಮೆಟ್ಟಿಲು ಇಳಿದ್ರು ಅಂತಲೂ ಗೊತ್ತು."

"ಒಪ್ಕೊಂಡ್ಯೋ, ನಾಳೆಯಿಂದ ಒಬ್ಬಳೂ ನಿನ್ನ ಕಾಗದ ಮುಟ್ಟಲ್ಲ."

"ಮುಟ್ಟದಿದ್ರೆ ಕಡಲೆಕಾಯಿ ಕಟ್ಟೋಕೆ ಕೊಡ್ತೀನಿ ಬಿಡು."

ಹೊರಬಂದು ಶಾಹಿಂದಾಳ ಎದುರು ಕೂತು ರಾವಿಯಾ ಎಲ್ಲವನ್ನೂ ಹೇಳಿದಳು. ನೀನು ಸರಿಯಾಗೇ ಕತ್ತರಿಸಿದ್ದೀಯ, ಗೆರೆಯಾಚೆ ಎರಡು ಬೆರಳು ಬಿಡು ಅಂತ ನಾನು ಬರೆಯಬೇಕಿತ್ತು, ಬರೆಯಲಿಲ್ಲ, ನಿನ್ನ ಮೈಯದೇನೂ ತಪ್ಪಿಲ್ಲ. ಕೊನೆಯ ಮಾತಿಗೆ ಶಾಹಿಂದಾ ತಲೆ ಎತ್ತಿದಳು. ಅಂಗಡಿಯ ಕನ್ನಡಿ ಮುಂದೆ ನಿಂತ ಯಾವ ದಿನವೂ ಅವಳು ಆ ಮಾತು ಕೇಳಿರಲಿಲ್ಲ.

ಪ್ಯಾಟರ್ನ್ ಕೊಂಡವರೆಲ್ಲ ಇದ್ದ ಫೋನಿನ ಗುಂಪಿಗೆ ರಾವಿಯಾ ಆಗಲೇ ಅದನ್ನೇ ಬರೆದು ಹಾಕಿದಳು. ಖೈರಿಯ್ಯಾ ಹೇಳಿದ್ದು ಸುಳ್ಳಾಗಲಿಲ್ಲ. ಕಾಫಿ ಕುದಿಯುವಷ್ಟರಲ್ಲಿ ಮಾತುಗಳು ಬಂದು ಬಿದ್ದವು. ಹೊಲಿಗೆ ಕ್ಲಾಸು ನಡೆಸುವ ಒಬ್ಬಾಕೆ, ಮಾರ್ಜಿನ್ ಗೊತ್ತಿಲ್ಲದವರು ಪ್ಯಾಟರ್ನ್ ಮಾರುವ ಕಾಲ ಬಂತಲ್ಲ ಅಂತ ಬರೆದಳು. ಅದಕ್ಕೆ ಹತ್ತಾರು ಜನ ನಗುವ ಮುಖ ಅಂಟಿಸಿದರು. ಅಳಿಸಿಬಿಡು ಅಂತ ಖೈರಿಯ್ಯಾ ಗೋಗರೆದಳು. ರಾವಿಯಾ ಅಳಿಸಲಿಲ್ಲ. ಆ ಕ್ಲಾಸಿನಾಕೆಗೆ, "ಗೊತ್ತಿಲ್ಲದವರು ಇನ್ನೂ ಯಾರ್ಯಾರಿದ್ದಾರೋ, ಅವರಿಗೂ ತಲುಪಿಸಿ ಪುಣ್ಯ ಕಟ್ಟಿಕೊಳ್ಳಿ" ಅಂತ ಮರುಬರೆದು ಫೋನು ಬದಿಗಿಟ್ಟಳು.

ಮರುದಿನ ರಾವಿಯಾ, ಶಾಹಿಂದಾ ಇಬ್ಬರೂ ಬಟ್ಟೆ ಪೇಟೆಯ ಓಣಿ ಹೊಕ್ಕರು. ಎದುರಿನಿಂದ ಒಬ್ಬಳು ಬಂದರೆ ಇವರು ಗೋಡೆಗೆ ಒರಗಬೇಕು, ಅಷ್ಟು ಇಕ್ಕಟ್ಟು. ಗುಂಡಿ, ಜರಿ, ಲೇಸು ತಲೆಯ ಮೇಲೆಲ್ಲ ತೂಗುತ್ತಿದ್ದವು. ರಾವಿಯಾಳ ಲೆಕ್ಕ ಸರಳವಾಗಿತ್ತು. ಫ್ರಾಕಿನ ಎರಡೂ ಪಕ್ಕ ಬಿಚ್ಚಿ ಪಟ್ಟಿ ಕೂಡಿಸುವುದು, ಸೊಂಟದಲ್ಲೊಂದು ಪಟ್ಟಿ ಹಾಕಿ ಗಿಡ್ಡವಾದದ್ದನ್ನು ಸರಿ ಮಾಡುವುದು. ಅದಕ್ಕೆ ಅದೇ ಹಸಿರು ಬೇಕು, ಯಾರ ಕಣ್ಣಿಗೂ ಬೀಳಬಾರದು. ಅಂಗಡಿ ಅಂಗಡಿ ಅಲೆದರು. ಒಂದು ಹಸಿರು ಪಾಚಿಯಾಗಿತ್ತು, ಇನ್ನೊಂದು ಗಿಳಿಯಾಗಿತ್ತು.

"ಇದು ಅದೇ ಅಕ್ಕಾವ್ರೇ, ಒಂದೇ ತಾಯಿ ಮಕ್ಳು," ಅಂದ ಅಂಗಡಿಯವನು, ಮೂರನೆಯದನ್ನು ಬಿಚ್ಚಿ.

"ತಂದೆ ಬೇರೆ ಇರಬೇಕು," ಅಂದಳು ರಾವಿಯಾ. ಆದರೂ ತುಂಡನ್ನು ಫ್ರಾಕಿಗೆ ಒತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು. "ಕೈ ಕೆಳಗಿಟ್ಟುಕೊಂಡ್ರೆ ಗೊತ್ತಾಗಲ್ಲ ಶಾಹಿಂದಾ. ತೋಳನ್ನ ಮೈಗೆ ಅಂಟಿಸಿಕೊಂಡೇ ಕೂತಿರು, ಫೋಟೋದಲ್ಲಿ ಸ್ವಲ್ಪ ಓರೆಯಾಗಿ..."

ಶಾಹಿಂದಾಳ ಕಣ್ಣು ಮೂಲೆಯಲ್ಲಿದ್ದ ಸ್ಯಾಟಿನ್ ಥಾನೊಂದರ ಮೇಲಿತ್ತು, ದಾಳಿಂಬೆ ಕಾಳಿನ ಕೆಂಪು.

"ಅದನ್ನ ಇಳಿಸಪ್ಪ."

"ಅಯ್ಯೋ ಬೇಡ ಕಣೇ," ರಾವಿಯಾ ಗಾಬರಿಯಾದಳು. "ಅದು ಊರಾಚೆಯಿಂದ ಕಾಣುತ್ತೆ."

"ಕಾಣ್ಲಿ. ಚಿಕ್ಕೋಳಿದ್ದಾಗಿಂದ ಅದೇ ಮಾಡಿದ್ದೀನಿ ಅಬ್ಲಾ. ಕೈ ಕಟ್ಕೊ, ಹಿಂದಿನ ಸಾಲಲ್ಲಿ ನಿಂತ್ಕೊ, ಕಪ್ಪು ಹಾಕ್ಕೊ. ನನ್ನ ನಿಶ್ಚಿತಾರ್ಥದಲ್ಲೂ ಕೈ ಎತ್ತದೆ ಕೂರಬೇಕಾ? ನಿಮ್ಮ ತಪ್ಪನ್ನ ನನ್ನ ಕಂಕುಳಲ್ಲಿ ಬಚ್ಚಿಟ್ಕೊಂಡು?"

ರಾವಿಯಾಳಿಗೆ ಕೆನ್ನೆಗೆ ಬಿದ್ದ ಹಾಗಾಯಿತು. ತಪ್ಪು ನನ್ನದು ಅಂತ ಊರಿಗೆಲ್ಲ ಸಾರಿದ ದೊಡ್ಡ ಧೈರ್ಯಸ್ಥೆ, ಈಗ ಓಣಿ ಓಣಿ ಸುತ್ತಿ ಅದನ್ನು ಮುಚ್ಚುವ ಹಸಿರು ಹುಡುಕುತ್ತಿದ್ದಳು. ದೊಡ್ಡಮ್ಮ ಬೈದು ಮುಚ್ಚಿಕೊಳ್ಳುತ್ತಿದ್ದಳು, ಇವಳು ಪ್ರೀತಿಯಿಂದ ಮುಚ್ಚಲು ಹೊರಟಿದ್ದಳು, ಅಷ್ಟೇ ವ್ಯತ್ಯಾಸ. ತನ್ನ ಮೇಲೇ ಸಿಟ್ಟು ಬಂತು, ಎದುರಿನ ಹುಡುಗಿಯ ಮೇಲೆ ಇನ್ನಿಲ್ಲದ ಹೆಮ್ಮೆಯೂ ಬಂತು.

"ಇಳಿಸಪ್ಪ," ಅಂದಳು ಅಂಗಡಿಯವನಿಗೆ. "ಧಾರಾಳವಾಗಿ ಕೊಡು. ಸೊಂಟಕ್ಕೂ ಅದೇ ಬೇಕು."

ಹೊಲಿಯಲು ಕೂತಾಗ ಖೈರಿಯ್ಯಾ ಗೊಣಗುತ್ತಲೇ ಪಕ್ಕದಲ್ಲಿ ಕೂತು ಹೊಲಿಗೆ ಬಿಚ್ಚಿಕೊಟ್ಟಳು. "ಇಗ್ಲಾಲ್ ನೋಡಿದ್ರೆ ಇಬ್ಬರ ಬೆನ್ನಿಗೂ ಗಜಕಡ್ಡಿಯಿಂದ ಬಾರಿಸೋಳು," ಅನ್ನುತ್ತಿದ್ದಳು. ಆದರೆ ಕೆಂಪು ಪಟ್ಟಿ ತೋಳಿನ ಅಂಚಿನಿಂದ ಕಂಕುಳಿಗೆ, ಕಂಕುಳಿಂದ ಸೊಂಟಕ್ಕೆ, ಸೊಂಟದಿಂದ ಲಂಗದ ತುದಿಗೆ ಇಳಿದು ಬಂದಾಗ ಗೊಣಗಾಟ ನಿಂತಿತು. ಇಸ್ತ್ರಿ ಪೆಟ್ಟಿಗೆಯನ್ನು ಯಾರ ಕೈಗೂ ಕೊಡದೆ ತಾನೇ ಹಿಡಿದಳು.

ಗುರುವಾರ ಶಾಹಿಂದಾಳ ಮನೆಯ ಹಜಾರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುಲಾಬಿ ಶರಬತ್ತಿನ ತಟ್ಟೆಗಳು ತಲೆಗಳ ಮೇಲಿಂದ ಓಡಾಡುತ್ತಿದ್ದವು. ಗಂಡಿನ ಕಡೆಯವರು ಚಿನ್ನದ ಪೆಟ್ಟಿಗೆ ಹಿಡಿದು ಬಂದರು, ಮುಂದೆ ಅತಿಯ್ಯಾತ್. ಬಳೆ ತೊಡಿಸಬೇಕಾದವಳು ಅವಳೇ, ಆ ಮನೆಯಲ್ಲಿ ಅದು ಅತ್ತೆಯ ಹಕ್ಕು. ಸೋಫಾದಲ್ಲಿ ಕೂತು, ಪೆಟ್ಟಿಗೆ ತೆರೆದು, ಎದುರು ಬಂದು ನಿಂತ ಸೊಸೆಯನ್ನು ನೋಡಿದವಳ ಕೈ ಅಲ್ಲೇ ತಡೆಯಿತು.

"ಇದೇನಮ್ಮ ಈ ಕೆಂಪು? ಬಟ್ಟೆ ಸಾಲ್ಲಿಲ್ವಾ?"

ಶಾಹಿಂದಾಳ ತಾಯಿ ಕೈಯಲ್ಲಿದ್ದ ಲೋಟ ನೋಡುತ್ತ ಕೂತುಬಿಟ್ಟಳು. ಬಾಗಿಲ ಬಳಿ ನಿಂತಿದ್ದ ರಾವಿಯಾ ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಬಂದಳು.

"ತಪ್ಪು ನಂದು ಮದಾಂ. ಈ ಫ್ರಾಕಿನ ಪ್ಯಾಟರ್ನ್ ಮಾಡಿದವಳು ನಾನು. ಎರಡು ಬೆರಳು ಮಾರ್ಜಿನ್ ಬಿಡು ಅಂತ ಬರೆಯೋದು ಮರೆತೆ. ಹುಡುಗಿ ಹೊಲಿದದ್ದರಲ್ಲಿ ಒಂದು ಎಳೆಯಷ್ಟೂ ತಪ್ಪಿಲ್ಲ."

"ನೋಡಿ ಮತ್ತೆ!" ಅತಿಯ್ಯಾತ್ ಸುತ್ತಲಿನವರನ್ನು ಸಾಕ್ಷಿಗೆ ಕರೆದಳು. "ಬಾಡಿಗೆಗೆ ತರೋಣ ಅಂದ್ರೆ ಕೇಳಿದ್ಲಾ? ಮನೇಲಿ ಹೊಲಿದ್ರೆ ಇದೇ ಗತಿ." ಹೆಗಲ ಮೇಲಿದ್ದ ತನ್ನ ಕಪ್ಪು ಶಾಲನ್ನು ತೆಗೆದು ಚಾಚಿದಳು. "ತಗೊ ಮಗಳೇ, ಇದನ್ನ ಹೊದ್ಕೊ. ಫೋಟೋದಲ್ಲಿ ಏನೂ ಕಾಣಲ್ಲ."

ಶಾಹಿಂದಾ ಶಾಲು ತಗೊಂಡಳು. ರಾವಿಯಾ ತಡೆಯಲು ಒಂದು ಹೆಜ್ಜೆ ಮುಂದಿಟ್ಟಳು. ಹುಡುಗಿ ಅದನ್ನು ನಿಧಾನವಾಗಿ ನಾಲ್ಕು ಮಡಿಕೆ ಮಾಡಿ ಅತ್ತೆಯ ಮಡಿಲಲ್ಲೇ ಇಟ್ಟು, ಚಿಕ್ಕಮ್ಮನಂಥ ಹಿರಿಯಳಿಗೆ ಸಲ್ಲುವ 'ತಾಂತ್' ಸೇರಿಸಿಯೇ ಹೇಳಿದಳು.

"ಬೇಡ ತಾಂತ್, ಸೆಖೆ. ಬಟ್ಟೆ ಸಾಲ್ಲಿಲ್ಲ, ನಿಜ. ಬಟ್ಟೆ ಮುಗೀತು, ನಾನು ಇನ್ನೂ ಇದ್ದೆ. ನನ್ನನ್ನ ಕತ್ತರಿಸೋಕಾಗುತ್ತಾ? ಅದಕ್ಕೇ ಬಟ್ಟೆ ಸೇರಿಸಿದ್ವಿ."

ಮೂಲೆಯಲ್ಲಿ ಶಾಹಿಂದಾಳ ತಾಯಿ ಲೋಟ ಕೆಳಗಿಟ್ಟು, ಶುಭಕಾರ್ಯದ ಹರ್ಷಕ್ಕೆ ನಾಲಿಗೆ ಹೊರಳಿಸಿ ಎಂಥ ಕೇಕೆ ಹಾಕಿದಳೆಂದರೆ ಕೆಳಗೆ ಬೀದಿಯಲ್ಲಿ ಹೋಗುತ್ತಿದ್ದವರು ಕಿಟಕಿಯತ್ತ ತಲೆ ಎತ್ತಿದರು. ಅದರ ಹಿಂದೆಯೇ ಇಡೀ ಹಜಾರದ ಹೆಂಗಸರು ದನಿಗೂಡಿಸಿದರು. ಮದುಮಗ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಗು ತಡೆಯಲು ನೋಡಿ ಸೋತ.

ಅತಿಯ್ಯಾತ್ ಬಳೆ ಎತ್ತಿಕೊಂಡಳು. ಶಾಹಿಂದಾ ಎರಡೂ ತೋಳನ್ನು ಹೆಗಲಿಗಿಂತ ಮೇಲಕ್ಕೆ ಎತ್ತಿ ಹಿಡಿದಳು, ತೋಳಿನಿಂದ ಲಂಗದ ತುದಿಯವರೆಗೂ ಕೆಂಪು ಕಾಣುವ ಹಾಗೆ. ಕೈ ಇಳಿಸು ಅಂತ ಅತ್ತೆ ಕಣ್ಣಲ್ಲೇ ಹೇಳಿದಳು. ಅವಳು ಇಳಿಸಲಿಲ್ಲ. ಬಳೆ ತೊಡಿಸಲು ಅತಿಯ್ಯಾತ್ ಸೋಫಾದಿಂದ ಎದ್ದು ನಿಲ್ಲಬೇಕಾಯಿತು.