ಡಾಕ್ಟರ್ ಜ್ಯೋತ್ಸ್ನಾರ ಇಲಿಯುಂಡೆ

ಹೆಣ್ಣು ನೋಡಲು ಬದಿಯಡ್ಕದಿಂದ ತಾಯಿಯೊಂದಿಗೆ ಬಂದ ವಿಖ್ಯಾತ್, "ಸಕ್ಕರೆ ಇಲ್ಲ, ಆದ್ರೂ ಲಾಯ್ಕುಂಟು" ಎನ್ನುತ್ತ ಸುಂದರಿಯಮ್ಮ ತಂದಿಟ್ಟ ಉಂಡೆಯನ್ನು ಎರಡನೆಯ ಸಲ ಕೇಳಿ ತಿನ್ನುತ್ತಿದ್ದಾಗ, ಆ ಮನೆಯ ಸೊಸೆ ಡಾಕ್ಟರ್ ಜ್ಯೋತ್ಸ್ನಾ ಕಾಲೇಜಿನಿಂದ ಬಂದವರು ಬಾಗಿಲಲ್ಲೇ ನಿಂತು, "ಅಯ್ಯೋ ಅತ್ತೆ, ಅದು ಇಲಿಗಳದ್ದು!" ಎಂದುಬಿಟ್ಟರು.

ಸತ್ಯವನ್ನು ಕ್ಷಣಕಾಲವೂ ಒಳಗಿಟ್ಟುಕೊಳ್ಳಲಾರದ ಈ ಗುಣ ಜ್ಯೋತ್ಸ್ನಾರ ಪಾಲಿಗೆ ಅಲಂಕಾರ, ಮನೆಯವರ ಪಾಲಿಗೆ ಅಹಂಕಾರ. ಗೋಡೆಯಂಚಿನಲ್ಲೇ ಸರಸರನೆ ಸಾಗಿ, ನಡುವೆ ಥಟ್ಟನೆ ನಿಂತು ಮೂಗೇರಿಸುವ ಆ ನಡಿಗೆಯನ್ನು ಅವರು ತಮ್ಮ ಪ್ರಯೋಗಾಲಯದ ಇಲಿಗಳಿಂದ ಕಲಿತರೋ, ಇಲಿಗಳೇ ಅವರಿಂದ ಕಲಿತವೋ ತಿಳಿಯದು. ಬಿಳಿ ಕೋಟನ್ನು ಮೊಗ್ರಾಲಿನ ಬಸ್ಸಿನಲ್ಲೂ ಕಳಚದ ಅವರನ್ನು ಆಸ್ಪತ್ರೆಯ ಡಾಕ್ಟರೆಂದೇ ಭಾವಿಸಿ ಪಕ್ಕದವರು ಮಂಡಿನೋವು ತೋಡಿಕೊಂಡರೆ, "ಇಲಿಗಳ ಮಟ್ಟಿಗೆ ಹೇಳುವುದಾದರೆ..." ಎಂದೇ ಆರಂಭಿಸುತ್ತಾರೆ.

ಸಸ್ಯಗಳಲ್ಲಿ ಸಹಜವಾಗಿರುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನೂ ಕಾರ್ಖಾನೆಯ ಕೃತಕ ಈಸ್ಟ್ರೋಜನ್ನೂ ಇಲಿಮರಿಗಳನ್ನು ಅಕಾಲದಲ್ಲಿ ಪ್ರಾಯಕ್ಕೆ ತರುತ್ತವೆಯೇ ಎಂಬುದು ಅವರ ಜಿಜ್ಞಾಸೆ. ಮೊದಲ ಪ್ರಯೋಗದಲ್ಲಿ ಹಾರ್ಮೋನು ಕೊಟ್ಟ ಮರಿಗಳೊಂದಿಗೆ ಏನೂ ಕೊಡದ ಮರಿಗಳೂ ಬೇಗನೆ ದೊಡ್ಡವಾಗಿಬಿಟ್ಟವು. ಹುಡುಕಿದರೆ, ಕಂಪನಿಯಿಂದ ತರಿಸಿದ ಆಹಾರದ ತುಂಬ ಸೋಯಾ. ಸೋಯಾದಲ್ಲಿ ಸಸ್ಯದ ಈಸ್ಟ್ರೋಜನ್! ಅಂದಿನಿಂದ ಇಲಿಗಳ ಉಂಡೆ ಮನೆಯ ಅಡುಗೆಮನೆಯಲ್ಲೇ ಸಿದ್ಧವಾಗತೊಡಗಿತು: ಒಂದು ಡಬ್ಬಿಯಲ್ಲಿ ಸೋಯಾ ಹಾಕಿದ್ದು, ಇನ್ನೊಂದರಲ್ಲಿ ಹಾಕದ್ದು. ಕೃತಕ ಹಾರ್ಮೋನು ಮಾತ್ರ ಕಾಲೇಜಿನ ಬೀಗದೊಳಗೆ.

ಅತಿಥಿಗಳು ತಿಂದದ್ದು ಸೋಯಾದ ಡಬ್ಬಿಯಿಂದ. ಹುಡುಗನನ್ನು ಆಗಲೇ ಮನಸಾರೆ ಒಪ್ಪಿಕೊಂಡಿದ್ದ ನಾದಿನಿ ರಶ್ಮಿತಾ ಓಡಿಬಂದು ಕಿವಿಯಲ್ಲಿ ಅಂಗಲಾಚಿದಳು: "ಅತ್ತಿಗೆ, 'ಎಂತ ಆಗುದಿಲ್ಲ' ಅಂತ ಒಂದು ಮಾತು ಹೇಳಿ ಮಾರಾಯ್ರೆ. ನಿಮ್ಮ ಇಲಿಯ ಸುದ್ದಿ ಮಾತ್ರ ಬೇಡ."

ಹುಡುಗನ ತಾಯಿ ತಟ್ಟೆಯನ್ನು ದೂರ ಸರಿಸಿದರು. "ಡಾಕ್ಟ್ರೇ, ಸತ್ಯ ಹೇಳಿ. ಇದರಿಂದ ನನ್ನ ಮಗನಿಗೆ ಎಂತಾದ್ರೂ ತೊಂದರೆ ಉಂಟಾ?"

ಲೋಕಕ್ಕೆ ಬೇಕಾದದ್ದು ಅಭಯ. ಜ್ಯೋತ್ಸ್ನಾರಂಥವರ ಬಳಿ ಇರುವುದು ಬರೀ ಆಧಾರ. ಈ ಜಾತಿಯ ಜನ ಸಮಾಧಾನ ಹೇಳುವ ಕಲೆಯನ್ನು ಎಂದೂ ಕಲಿಯುವುದಿಲ್ಲ. ತಮಗೆ ತಿಳಿದಷ್ಟರಾಚೆ ನಾಲಿಗೆಯನ್ನು ಒಂದು ಅಂಗುಲವೂ ಚಾಚುವುದಿಲ್ಲ. ಆದ್ದರಿಂದಲೇ ಅವರ ಬಾಯಿಂದ ಅಪರೂಪಕ್ಕೆ ಸಮಾಧಾನವೊಂದು ಹೊರಟರೆ, ಎಷ್ಟೇ ಒರಟಾಗಿರಲಿ, ಜನ ನಂಬಿಬಿಡುತ್ತಾರೆ. ಆ ಮದುವೆ ನಡೆದದ್ದೂ ಹಾಗೆಯೇ. ಗಂಡನ ಮೇಲೆ ಸಿಟ್ಟು ಬಂದಾಗಲೆಲ್ಲ ರಶ್ಮಿತಾ ಇಂದಿಗೂ ನಗುತ್ತ ಒಪ್ಪಿಸುವುದು ಅತ್ತಿಗೆಯ ಅಂದಿನ ಉತ್ತರವನ್ನೇ.

ಜ್ಯೋತ್ಸ್ನಾ ಮೂಗೇರಿಸಿ, ವಿಖ್ಯಾತನ ಕೂದಲುದುರಿದ ನೆತ್ತಿಯನ್ನು ಕೂಲಂಕಷವಾಗಿ ಪರಿಶೀಲಿಸಿದರು.

"ಇಲಿಗಳ ಮಟ್ಟಿಗೆ ಹೇಳುವುದಾದರೆ, ಹೆದರಿಕೆ ಇರುವುದು ಇನ್ನೂ ಬೆಳೆಯುತ್ತಿರುವ ಮರಿಗಳಿಗೆ. ನಿಮ್ಮ ಮಗ ಬೆಳೆದು ಮುಗಿದಾಯ್ತಲ್ಲ ಅಮ್ಮ. ಇನ್ನು ಕೆಡ್ಲಿಕ್ಕೂ ಇಲ್ಲ, ರಿಪೇರಿ ಆಗ್ಲಿಕ್ಕೂ ಇಲ್ಲ."