ಹದಿಮೂರನೇ ಪ್ರಶ್ನೆ

"ಪುಸ್ತಕ ಈ ಕಡೆ ಕೊಡು. ಈಗ ಹೇಳು. ಗಾಯದಿಂದ ರಕ್ತ ಸುರೀತಿದೆ, ಮೊದಲು ಏನ್ಮಾಡ್ತೀಯ?"

ಆಯಮ್ಮ ಕಣ್ಣು ಮುಚ್ಚಿದಳು. ತುಟಿ ಪಿಟಿಪಿಟಿ ಅಲುಗಿತು, ಬೆರಳುಗಳು ಒಂದೊಂದಾಗಿ ಮಡಚಿಕೊಂಡವು. ಹಿರಿಯ ನರ್ಸ್ ಕಾದಳು. ಊಟದ ಬಿಡುವು ಇರುವುದೇ ಅರ್ಧ ಗಂಟೆ. ಒಗೆದ ಹೊದಿಕೆಗಳನ್ನು ಪೇರಿಸಿಟ್ಟ ಈ ಕೋಣೆಯಲ್ಲಿ ಫ್ಯಾನೂ ಇಲ್ಲ.

"ಬಾಯಿ ಬಿಡೇ!"

"ಬರ್ತಿದೀನಿ ಸಿಸ್ಟರ್. ಕೈ ತೊಳೆಯೋದು ಒಂದು, ಜ್ವರ ನೋಡೋದು ಎರಡು... ರಕ್ತ ಹದಿಮೂರನೇದು. ಈಗ ಒಂಬತ್ತರಲ್ಲಿದೀನಿ."

"ನೀನು ಹದಿಮೂರಕ್ಕೆ ಬರೋಷ್ಟರಲ್ಲಿ ಅವನು ಹೆಣ ಆಗಿರ್ತಾನೆ!"

ಹತ್ತೊಂಬತ್ತು ವರ್ಷದಿಂದ ವಾರ್ಡಿನಲ್ಲಿ ನೆಲ ಒರೆಸಿ, ಬೆಡ್‌ಪ್ಯಾನ್ ಎತ್ತಿದ ಹೆಂಗಸು. ಸಹಾಯಕ ನರ್ಸ್ ಹುದ್ದೆಯ ಮೌಖಿಕ ಪರೀಕ್ಷೆಗೆ ನಲವತ್ತೈದು ತುಂಬಿದವರನ್ನು ಕೂರಿಸುವುದಿಲ್ಲ. ಇವಳಿಗೆ ಇನ್ನೆರಡು ತಿಂಗಳಿಗೆ ತುಂಬುತ್ತದೆ. ಪರೀಕ್ಷೆಗೆ ಉಳಿದಿರುವುದು ಹನ್ನೆರಡು ದಿನ. ಇದು ತಪ್ಪಿದರೆ ಸಾಯುವವರೆಗೂ ಬಕೆಟ್ಟೇ ಗತಿ.

ನರ್ಸ್ ಪುಸ್ತಕ ತಿರುವಿ ಹಾಕಿದಳು. ಒಂದು ಸಾಲೂ ಬಿಡದೆ ಕೆಂಪು ಗೆರೆ. ಪಿತ್ತ ನೆತ್ತಿಗೇರಿತು. "ಇಡೀ ಪುಸ್ತಕಕ್ಕೇ ಗೆರೆ ಎಳೆದ್ರೆ ಮುಖ್ಯವಾದ್ದು ಯಾವುದೇ? ತಲೇಲೇನು ಮಣ್ಣು ತುಂಬಿದೆಯಾ?"

ಆಯಮ್ಮ ದಡಕ್ಕನೆ ಎದ್ದಳು.

"ಹತ್ತು ಸಲ ಓದು, ತಾನೇ ಬರುತ್ತೆ ಅಂದೋರು ಯಾರು? ನೀವು! ನಾನು ಇಪ್ಪತ್ತು ಸಲ ಓದಿದೀನಿ. ಹೋದ ವರ್ಷ ಪರೀಕ್ಷೇಲಿ ನಿಮ್ಮೆಲ್ಲರ ಎದುರು ಹೀಗೇ ಒಂದರಿಂದ ಶುರು ಮಾಡಿದೆ. ಆ ದೊಡ್ಡ ಡಾಕ್ಟ್ರು, ಏನಮ್ಮಾ ಮಗ್ಗಿ ಒಪ್ಪಿಸ್ತಿದೀಯಾ ಅಂದ್ರು. ಎಲ್ಲಾ ನಕ್ರು. ನೀವೂ ನಕ್ರಿ."

ನರ್ಸ್‌ಗೆ ಕೆನ್ನೆಗೆ ಬಾರಿಸಿದಂತಾಯಿತು. ನಕ್ಕಿದ್ದು ನಿಜ. ಬಾಯಿಗೆ ಕರವಸ್ತ್ರ ಒತ್ತಿಕೊಂಡು ನಕ್ಕಿದ್ದಳು, ಯಾರೂ ನೋಡಲಿಲ್ಲ ಅಂದುಕೊಂಡಿದ್ದಳು. ಇಷ್ಟು ಹೊತ್ತು ಇವಳ ಮೇಲೆ ಉರಿಯುತ್ತಿದ್ದ ಸಿಟ್ಟು ಈಗ ತನ್ನ ಮೇಲೇ ತಿರುಗಿತು. ಮಕ್ಕಿಕಾಮಕ್ಕಿ ಓದಿಸಿದವಳು ತಾನು, ಓದಿದವಳನ್ನು ನೋಡಿ ಹಲ್ಲು ಬಿಟ್ಟವಳೂ ತಾನೇ. ಥೂ, ನಾಚಿಕೆಗೇಡು.

ಕ್ಷಮೆ ಕೇಳುವ ಬದಲು ಎದ್ದು ಮೂಲೆಗೆ ನಡೆದಳು. ಅಲ್ಲಿದ್ದ ಖಾಲಿ ಔಷಧಿ ಡಬ್ಬಗಳನ್ನು ಪರಪರ ಹರಿದು, ರಟ್ಟಿನ ಒಂದೊಂದು ತುಂಡಿನ ಮೇಲೆ ಒಂದೊಂದು ಪ್ರಶ್ನೆ ಬರೆದಳು. ನಂಬರ್ ಹಾಕಲಿಲ್ಲ. ಇಸ್ಪೀಟಿನಂತೆ ಕಲೆಸಿ ಮುಂದೆ ಹಿಡಿದಳು.

"ಒಂದು ತೆಗಿ. ಪುಸ್ತಕದ ಮಾತು ಬೇಡ, ನಿನ್ನ ಮಾತಲ್ಲಿ ಹೇಳು. ಬರದಿದ್ರೆ ಆಮೇಲೆ ಪುಸ್ತಕ ನೋಡು. ಬಂದಿದ್ದನ್ನ ಎರಡು ದಿನ ಬಿಟ್ಟು ಮತ್ತೆ ಕೇಳ್ತೀನಿ. ಬರದಿದ್ದನ್ನ ನಾಳೇನೇ ಕೇಳ್ತೀನಿ."

ಮೊದಲ ದಿನ ಆಯಮ್ಮನಿಗೆ ಬಂದದ್ದು ನಾಲ್ಕೇ. "ಓದೋದೇ ಸುಲಭವಾಗಿತ್ತು" ಎಂದು ರಟ್ಟು ಬೀಸಾಡಿದಳು. "ಕಷ್ಟ ಆದ್ರೇನೇ ತಲೇಲಿ ನಿಲ್ಲೋದು, ಎತ್ಕೋ" ಎಂದು ನರ್ಸ್ ಗದರಿದಳು. ಒಂದು ಹೊತ್ತೂ ಜಗಳ ತಪ್ಪಲಿಲ್ಲ. ಹನ್ನೊಂದನೆಯ ದಿನ ಬರದೆ ಉಳಿದದ್ದು ಎರಡೇ ರಟ್ಟು.

ಪರೀಕ್ಷೆಯ ದಿನ ಮೇಜಿನ ಹಿಂದೆ ಹೋದ ವರ್ಷದ ಅದೇ ಮೂವರು: ದೊಡ್ಡ ಡಾಕ್ಟರು, ಕಚೇರಿಯ ಮೇಲ್ವಿಚಾರಕ, ಹಿರಿಯ ನರ್ಸ್. ಡಾಕ್ಟರು ಪುಸ್ತಕದ ನಡುವೆ ಎಲ್ಲೋ ಬೆರಳಿಟ್ಟರು.

"ರೋಗಿಗೆ ಫಿಟ್ಸ್ ಬಂದ್ರೆ?"

"ಮಗ್ಗುಲಿಗೆ ಹೊರಳಿಸ್ತೀನಿ ಸಾರ್. ಸ್ಟೂಲು ಗೀಲು ಇದ್ರೆ ಆಚೆ ನೂಕ್ತೀನಿ. ಬಾಯಿಗೆ ಏನೂ ತುರುಕಲ್ಲ. ಡಾಕ್ಟ್ರನ್ನ ಕರೆಸ್ತೀನಿ. ಎಷ್ಟು ಹೊತ್ತು ಬಂತು ಅಂತ ಗಡಿಯಾರ ನೋಡ್ಕೋತೀನಿ."

"ಸ್ಟೂಲು ಗೀಲು!" ಡಾಕ್ಟರು ಮೇಲ್ವಿಚಾರಕನತ್ತ ಕಣ್ಣು ಮಿಟುಕಿಸಿದರು. ಅವನು ಕಿಸಕ್ಕನೆ ನಕ್ಕ. "ಪುಸ್ತಕದಲ್ಲಿ ಹೀಗಿದೆಯೇನಮ್ಮಾ?"

"ನಗೋದೇನಿದೆ ಇದ್ರಲ್ಲಿ?"

ನರ್ಸ್‌ನ ದನಿ ಅವಳಿಗೇ ಜೋರೆನಿಸಿತು. ಹೊರಗೆ ಸಾಲಿನಲ್ಲಿ ನಿಂತವರು ಬಾಗಿಲಿನಿಂದ ಇಣುಕಿದರು. "ಹೇಳಿದ್ದರಲ್ಲಿ ತಪ್ಪೇನಿದೆ, ತೋರಿಸಿ ಸಾರ್. ತಪ್ಪಿಲ್ದಿದ್ರೆ ಪೂರ್ತಿ ಅಂಕ ಬರೀರಿ. ಹೋದ ವರ್ಷ ನಕ್ಕಿದ್ದು ಸಾಕು. ನಾನೂ ನಕ್ಕಿದ್ದೆ."

ಮೇಲ್ವಿಚಾರಕ ತಲೆ ತಗ್ಗಿಸಿದ. ಡಾಕ್ಟರು ಪುಟದ ಮೇಲೆ ಬೆರಳಾಡಿಸಿದರು, ಕನ್ನಡಕ ಸರಿಮಾಡಿಕೊಂಡರು, ಮತ್ತೆ ಮೇಲಿನಿಂದ ಓದಿದರು. ಕೊನೆಗೆ ಅಂಕ ಬರೆದರು.

ಆಯಮ್ಮ ನರ್ಸ್ ಕಡೆ ನೋಡಲೇ ಇಲ್ಲ. ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದಳು.

"ಮುಂದಿಂದು ಕೇಳಿ ಸಾರ್."